ವಾಚ್ ರಿಪೇರಿಯವನೇ ಕೊಲೆಗಾರ

ಜೂನ್ 7, ಶನಿವಾರ. ಸಂಜೆ 5.40

ಟಿವಿ ಒರೆಸಿದೆ. ಕುರ್ಚಿ ಜೋಡಿಸಿದೆ. ತಟ್ಟೆಗೆ ಎಂಟು ಬಿಸ್ಕತ್ತು ಹಾಕಿ, ನಾಲ್ಕು ತಿಂದು, ಮತ್ತೆ ನಾಲ್ಕು ಹಾಕಿದೆ. ಆರೂವರೆಗೆ ಇನ್ನೂ ಐವತ್ತು ನಿಮಿಷ! ನನ್ನ ಗಂಡ (ಗಂಡ! ಮದುವೆಯಾಗಿ ಇಪ್ಪತ್ತಾರು ದಿನವಾದರೂ ಈ ಪದ ಬರೆಯುವಾಗ ಪೆನ್ನಿಗೇ ನಾಚಿಕೆ) ಕನ್ನಡಕದ ಅಂಗಡಿಯಿಂದ ಬಂದು ಸ್ನಾನಕ್ಕೆ ಹೋಗಿದ್ದಾನೆ. ಕೆಳಗೆ ತಮ್ಮ ಬೀಗದ ಅಂಗಡಿಯಲ್ಲಿ ಮಾವ ಯಾರದೋ ಬೀರುವಿನ ಬೀಗ ಬಿಚ್ಚುತ್ತಿದ್ದಾರೆ. ಟಕ್ ಟಕ್ ಇಲ್ಲಿಯವರೆಗೆ ಕೇಳಿಸುತ್ತದೆ.

ಇವತ್ತು ಮೂರನೆಯ ಎಪಿಸೋಡ್. ಹದಿನೈದು ವರ್ಷದ ಹಿಂದಿನ ಸೀರಿಯಲ್. ಚಾನೆಲ್‌ನವರು ಮತ್ತೆ ಹಾಕುತ್ತಿದ್ದಾರೆ. ಶನಿವಾರ, ಭಾನುವಾರ, ಆರೂವರೆ, ಅದೇ ಹಳೆಯ ಟೈಮ್. ಹೋದ ವಾರ ಟೈಟಲ್ ಮ್ಯೂಸಿಕ್ ಬಂದಾಗ ಕಿರುಚಿಬಿಟ್ಟೆ. ಮಾವನ ಕೈಯಲ್ಲಿದ್ದ ಕಾಫಿ ಅವರ ಶರ್ಟಿನ ಮೇಲೆ. ಸೊಸೆ ಬಂದು ತಿಂಗಳಾಗಿಲ್ಲ...

ಆದರೆ ಏನು ಮಾಡಲಿ? ಆ ಮ್ಯೂಸಿಕ್ ಕೇಳಿದರೆ ನನಗೆ ಇಪ್ಪತ್ನಾಲ್ಕಲ್ಲ, ಒಂಬತ್ತು. ನಮ್ಮ ಮನೆಯ ಹಳೆಯ ಟಿವಿ, ಬಲಗಡೆ ಒಂದೇಟು ಕೊಟ್ಟರೆ ಮಾತ್ರ ಬಣ್ಣ ಬರುತ್ತಿದ್ದದ್ದು. ಅಮ್ಮ ದಿಂಬನ್ನು ಮುಖಕ್ಕೆ ಒತ್ತಿಕೊಂಡು ಸೀರಿಯಲ್ “ನೋಡು”ತ್ತಿದ್ದಳು. ಅಪ್ಪ ಹಲ್ಲಿನ ಸೆಟ್ ಮಾಡುವವರು. ಯಾರು ತೆರೆಯ ಮೇಲೆ ಬಂದರೂ ಮೊದಲು ಬಾಯಿ ನೋಡುವುದು. ಇನ್ಸ್‌ಪೆಕ್ಟರ್ ಪಿಸ್ತೂಲು ಎತ್ತಿದ್ದಾನೆ, ನಮ್ಮೆಲ್ಲರ ಜೀವ ಬಾಯಿಗೆ ಬಂದಿದೆ, ಅಪ್ಪ ಮಾತ್ರ — “ಮೇಲಿನೆರಡು ಕಟ್ಟಿಸಿದ್ದು ಕಣೇ. ಬಣ್ಣ ಹೊಂದಿಲ್ಲ ನೋಡು.”

ದಿಂಬಿನ ಹಿಂದಿನಿಂದ ಅಮ್ಮ: “ಸತ್ನಾ? ಸತ್ನೇನ್ರೀ? ಹೇಳ್ರೀ!”

“ಎಲ್ಲಿ ಸಾಯ್ತಾನೆ? ಇನ್ನೂ ಹಲ್ಲು ಕಿರೀತಿದ್ದಾನೆ.”

ಅಯ್ಯೋ, ಆ ಶನಿವಾರಗಳು! ಕಣ್ಣು ಒದ್ದೆ. ಸಾಕು. ಇವನು ಸ್ನಾನ ಮುಗಿಸಿ ಬಂದ.


ಜೂನ್ 8, ಭಾನುವಾರ

ಈ ಮನೆಯಲ್ಲಿ ಸೀರಿಯಲ್ ನೋಡಲು ರೂಲ್ಸ್ ಇವೆ!! ನಿನ್ನೆ ಗೊತ್ತಾಯಿತು. ಸೀರಿಯಲ್ ನಡೆಯುವಾಗ ಯಾರೂ ತುಟಿ ಬಿಚ್ಚಬಾರದು. ಮಾತೆಲ್ಲ ಆ್ಯಡ್ ಬಂದಾಗ. (ಮೂರು ಸಲ ಮರೆತೆ. ಮೂರು ಸಲವೂ ಮಾವ ಕೆಮ್ಮಿದರು.)

ಇವತ್ತು ಮಾವ ಅಟ್ಟದಿಂದ ಒಂದು ಹಲಗೆ ಇಳಿಸಿ ಟಿವಿ ಪಕ್ಕ ತೂಗು ಹಾಕಿದರು. ಅದರ ಮೇಲೆ ಐದು ಕೊಕ್ಕೆ. ಪ್ರತಿ ಕೊಕ್ಕೆಯ ಕೆಳಗೆ ಹಳದಿಯಾದ ಟೈಪ್ ಮಾಡಿದ ಚೀಟಿ: ಡಾಕ್ಟರ್. ಕಟ್ಟಡದ ಮಾಲೀಕ. ವಾಚ್ ರಿಪೇರಿಯವನು. ಸಹಾಯಕಿ. ಹುಡುಗಿಯ ಅಪ್ಪ. ಯಾರ ಮೇಲೆ ನಿಮಗೆ ಅನುಮಾನವೋ ಆ ಕೊಕ್ಕೆಗೆ ನಿಮ್ಮ ಕೀ ನೇತುಹಾಕಬೇಕು! ಬದಲಾಯಿಸಬಹುದು, ಆ್ಯಡ್ ಬಂದಾಗ ಮಾತ್ರ, ಒಟ್ಟು ಮೂರೇ ಸಲ. ಇಷ್ಟು ಚೆನ್ನಾದ ಆಟ ನಮ್ಮ ಮನೆಯಲ್ಲಿ ಯಾಕೆ ಹೊಳೆಯಲಿಲ್ಲ?

ಚೀಟಿ ಟೈಪ್ ಮಾಡಿದ್ದು ಅತ್ತೆ. ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದರು. ಹೋಗಿ ಹದಿನೈದು ವರ್ಷ. ನನಗೆ ಫೋಟೊದಲ್ಲಷ್ಟೇ ಪರಿಚಯ. ತುಂಟ ಕಣ್ಣು.

ಮಾವ ನನಗಾಗಿ ಹೊಸ ಕೀ ಕೊರೆದು ತಂದಿದ್ದರು.

“ಇದು ಯಾವ ಬೀಗಕ್ಕೂ ಆಗಲ್ಲಮ್ಮ. ನಿನ್ನ ಅನುಮಾನಕ್ಕೆ ಮಾತ್ರ.”

ಎಷ್ಟು ಸ್ವೀಟ್! ನಾನು ಒಂದು ಸೆಕೆಂಡೂ ಯೋಚಿಸದೆ ವಾಚ್ ರಿಪೇರಿಯವನ ಕೊಕ್ಕೆಗೆ ಹಾಕಿದೆ. “ಫೈನಲ್, ಮಾವ. ಬದಲಾಯಿಸಲ್ಲ.” ಮಾವನದು ಡಾಕ್ಟರ್ ಮೇಲೆ. ನಮ್ಮ ಮೌನಿಬಾಬಾ (ಗಂಡ. ದಿನಕ್ಕೆ ಇಪ್ಪತ್ತು ಪದ ಮಾತ್ರ ಸ್ಟಾಕ್ ಇರುವುದು) ಹತ್ತಿರವಿದ್ದ ಕೊಕ್ಕೆಗೆ ಹಾಕಿ ಕೂತ. ಅದು ಮಾಲೀಕನದು. ನಾಲ್ಕನೆಯ ಕೀಯೊಂದನ್ನು ಮಾವ ಹುಡುಗಿಯ ಅಪ್ಪನ ಕೊಕ್ಕೆಗೆ ಹಾಕಿದರು.

“ಇದ್ಯಾರದು?” ಎಂದು ಇವನನ್ನು ಕೇಳಿದೆ.

“ಅಮ್ಮಂದು.” ಅಷ್ಟೇ. ಇಪ್ಪತ್ತರಲ್ಲಿ ಒಂದು ಖರ್ಚು.


ಜೂನ್ 15, ಭಾನುವಾರ. ರಾತ್ರಿ ಊಟಕ್ಕೆ ಮೊದಲು

ಕಥೆಯನ್ನು ಬರೆದಿಡೋಣ, ಸುಮ್ಮನೆ ಖುಷಿಗೆ. ಒಂದು ಸಣ್ಣ ಲೈಬ್ರರಿ. ಲೈಬ್ರರಿಯ ಮೇಡಂ ಒಳಗೆ ಸತ್ತು ಬಿದ್ದಿದ್ದಾಳೆ, ಬಾಗಿಲು ಒಳಗಿನಿಂದ ಭದ್ರ. ದಿನವೂ ಅಲ್ಲಿಗೆ ಓದಲು ಬರುವ ಹತ್ತು ವರ್ಷದ ಹುಡುಗಿ, ಜೊತೆಗೆ ಅವಳ ಅಪ್ಪ. ಅವನೇ ಬಾಗಿಲು ಒಡೆದವನು. ಹುಡುಗಿ ಇನ್ಸ್‌ಪೆಕ್ಟರ್‌ಗೆ ಸಹಾಯ ಮಾಡುತ್ತಾಳೆ. ಒಂಬತ್ತನೇ ವಯಸ್ಸಿನಲ್ಲಿ ನಾನು ಅವಳೇ. ಅವಳ ಹಾಗೇ ಎರಡು ಜಡೆ, ಅವಳ ಹಾಗೇ ನೋಟ್‌ಬುಕ್. ಪಕ್ಕದ ಮನೆಯ ಆಂಟಿ ಎಷ್ಟು ಹೊತ್ತಿಗೆ ಕಸ ಹಾಕುತ್ತಾರೆ ಎಂದು ಬರೆದಿಡುತ್ತಿದ್ದೆ! ಆ ಅಪ್ಪನೋ, ಬೆಣ್ಣೆಯಂಥವನು. ಮಗಳ ಹತ್ತಿರ ಮಾತಾಡುವಾಗ ಪ್ರತಿ ಸಲ ಮಂಡಿಯೂರಿ ಕೂರುತ್ತಾನೆ.

ಇವತ್ತು ಕಳ್ಳನೊಬ್ಬ ಹೇರ್‌ಪಿನ್‌ನಿಂದ ಬೀಗ ತೆಗೆದ. ಮಾವ ಆ್ಯಡ್ ಬರುವವರೆಗೆ ಹಲ್ಲು ಕಚ್ಚಿಕೊಂಡು ಕೂತಿದ್ದು, ಆಮೇಲೆ ಸಿಡಿದರು.

“ಹೇರ್‌ಪಿನ್ನಂತೆ! ಹಾಗಾದ್ರೆ ನಲವತ್ತು ವರ್ಷ ನಾನು ಅರ ಹಿಡ್ಕೊಂಡು ಉಜ್ಜಿದ್ದು ಯಾತಕ್ಕೆ? ಅವನ ತಲೆ! ಆ ಬೀಗ ತೆಗೆಯೋಕೆ ನನಗೇ ಕಾಲು ಗಂಟೆ ಬೇಕು.”

ನಕ್ಕು ನಕ್ಕು ಹೊಟ್ಟೆ ನೋವು. ಒಬ್ಬರು ಹಲ್ಲು ನೋಡುತ್ತಾರೆ, ಇನ್ನೊಬ್ಬರು ಬೀಗ. ಕೊಲೆ ನೋಡುವವರು ಯಾರೂ ಇಲ್ಲ.

ಅತ್ತೆ ಏನು ನೋಡುತ್ತಿದ್ದರು ಎಂದು ಕೇಳಿದೆ. ಮಾವ ಹಲಗೆಯ ಕಡೆ ತಿರುಗಿದರು.

“ಸೈನು. ಹುಡುಗಿ ಅಪ್ಪ ಪೊಲೀಸ್ ಸ್ಟೇಷನ್ನಲ್ಲಿ ಹೇಳಿಕೆ ಕೊಟ್ಟು, ಓದದೇನೇ ಸೈನ್ ಹಾಕಿದ್ನಲ್ಲ. ನಿಮ್ಮತ್ತೆ ಅಂದ್ಳು, ‘ನಿಜ ಹೇಳಿದೋರು ಒಂದ್ಸಲ ಓದಿ ನೋಡ್ತಾರ್ರೀ, ಟೈಪಿಸ್ಟ್ ಏನಾದ್ರೂ ತಪ್ಪು ಹೊಡೆದಿದ್ದಾಳಾ ಅಂತ. ಸುಳ್ಳು ಹೇಳಿದೋರಿಗೆ ಅದನ್ನ ತಿರುಗಿ ನೋಡೋಕೇ ಆಗಲ್ಲ.’ ನಾನು ಬಿದ್ದು ಬಿದ್ದು ನಕ್ಕೆ. ಪಾಪ, ಅಂಥ ಮನುಷ್ಯನ ಮೇಲೆ!”

ನನಗೂ ನಗು. ಮರುಪ್ರಸಾರ ತಾನೇ, ಕೊನೆ ಎಲ್ಲರಿಗೂ ಗೊತ್ತು. ಆದರೂ ಗೊತ್ತಿಲ್ಲದವರ ಹಾಗೆ ಆಡುವುದು ಎಷ್ಟು ಮಜಾ!


ಜೂನ್ 29, ಭಾನುವಾರ

ಹತ್ತು ಎಪಿಸೋಡ್ ಮುಗಿಯಿತು. ಮಾವ ತಮ್ಮ ಕೀಯನ್ನು ಡಾಕ್ಟರ್‌ನಿಂದ ಸಹಾಯಕಿಗೆ ಬದಲಾಯಿಸಿದರು. ಏನು ಆ್ಯಕ್ಟಿಂಗ್! ಹಣೆ ಒತ್ತಿಕೊಂಡು, ಎದ್ದು, ಕೂತು, ಮತ್ತೆ ಎದ್ದು... “ಮಾವ, ನೀವೇ ಸೀರಿಯಲ್ಲಿಗೆ ಹೋಗ್ಬೇಕಿತ್ತು” ಎಂದೆ. ಅವರಿಗೆ ಅರ್ಥವಾದ ಹಾಗೆ ಕಾಣಲಿಲ್ಲ. ಸುಮ್ಮನೆ ನಕ್ಕರು.

ಮೊದಲ ವಾರ ಈ ಮನೆ ವೇಟಿಂಗ್ ರೂಮಿನ ಹಾಗಿತ್ತು. ಈಗ ಆ್ಯಡ್ ಬಂದರೆ ಸಂತೆ. ಐ ಲವ್ ದಿಸ್ ಹೌಸ್.


ಜುಲೈ 6, ಭಾನುವಾರ. 7.40

ಏನಾಯಿತು ಗೊತ್ತಾಗುತ್ತಿಲ್ಲ. ನಾನೇನು ತಪ್ಪು ಮಾಡಿದೆ?

ಹನ್ನೆರಡನೆಯ ಎಪಿಸೋಡ್. ಎರಡನೆಯ ಆ್ಯಡ್. ಮಾವ ಮೆತ್ತಗೆ ಹೇಳಿದರು, “ಯಾಕೋ ನಿಮ್ಮತ್ತೆ ಹೇಳಿದ್ದೇ ಸರಿ ಇರಬಹುದೇನೋ ಅನ್ಸುತ್ತಮ್ಮ.” ನಾನು ಬಿಸ್ಕತ್ತು ತಿನ್ನುತ್ತಾ —

“ಅಯ್ಯೋ ಮಾವ, ಅತ್ತೆ ಸೋತ್ರು ಬಿಡಿ! ವಾಚ್ ರಿಪೇರಿಯವನೇ ಅಲ್ವಾ? ಕೊನೇ ಎಪಿಸೋಡಲ್ಲಿ ದೊಡ್ಡ ಗಡಿಯಾರದೊಳಗೆ ಲೈಬ್ರರಿ ಕೀ ಸಿಗತ್ತಲ್ಲ!”

ಯಾರೂ ನಗಲಿಲ್ಲ. ಟಿವಿಯಲ್ಲಿ ಯಾರೋ ಸೋಪಿನ ಹಾಡು ಹಾಡುತ್ತಿದ್ದರು. ಮಾವ ನನ್ನನ್ನೇ ನೋಡಿದರು. “ಹೌದಾ” ಎಂದರು. ಎದ್ದು ಹೋಗಿ ಅತ್ತೆಯ ಕೀಯನ್ನು ಕೊಕ್ಕೆಯಿಂದ ತೆಗೆದು ಜೇಬಿಗೆ ಹಾಕಿಕೊಂಡರು. “ತಲೆ ನೋಯ್ತಿದೆ. ನೀವು ನೋಡ್ರಪ್ಪ” ಎಂದು ರೂಮಿಗೆ ಹೋದರು.

ಇವನು ಟಿವಿ ಆಫ್ ಮಾಡಿದ. ನನ್ನ ಮುಖ ನೋಡಲಿಲ್ಲ.


ಜುಲೈ 7, ಸೋಮವಾರ

ಇವನು ಹೇಳಿದ. ಮದುವೆಯಾದಾಗಿನಿಂದ ಒಟ್ಟಿಗೇ ಇಷ್ಟು ಮಾತಾಡಿದ್ದು ಇದೇ ಮೊದಲು.

ಆಗ ಅವನಿಗೆ ಹದಿಮೂರು. ಸೀರಿಯಲ್ ನಡೆಯುವಾಗಲೇ ಅತ್ತೆ ಆಸ್ಪತ್ರೆ ಸೇರಿದರು. ಹದಿನಾಲ್ಕನೆಯ ಎಪಿಸೋಡನ್ನು ವಾರ್ಡಿನ ಟಿವಿಯಲ್ಲಿ ನೋಡಿದರು. ಮಾವ ರೇಗಿಸಿದರಂತೆ, “ಈಗ್ಲಾದ್ರೂ ಸೋಲೊಪ್ಕೊಳ್ಳೇ.” ಅತ್ತೆ, “ಮುಂದಿನ ಭಾನುವಾರ ಗೊತ್ತಾಗತ್ತಲ್ಲ, ಆಗ ಬಾಯಿ ಮುಚ್ಕೊಂಡು ನೀವು ಒಪ್ಕೊಳ್ಳಿ.” ಆ ಗುರುವಾರ ಅತ್ತೆ ಹೋದರು.

ಕೊನೆಯ ಎರಡು ಎಪಿಸೋಡನ್ನು ಈ ಮನೆಯಲ್ಲಿ ಯಾರೂ ನೋಡಲಿಲ್ಲ. ಯಾರಿಂದಲೂ ಕೇಳಲೂ ಇಲ್ಲ. ಅಂಗಡಿಗೆ ಬಂದವರು ಆ ಮಾತು ತೆಗೆದರೆ ಮಾವ ಕೀ ಕೊರೆಯುವ ಮಿಷನ್ ಆನ್ ಮಾಡುತ್ತಿದ್ದರಂತೆ, ಮಾತು ಕೇಳಿಸದ ಹಾಗೆ. ಹದಿನೈದು ವರ್ಷ! ಹೆಂಡತಿ ಗೆದ್ದಳೋ ಸೋತಳೋ ಎಂದು ತಿಳಿಯುವ ಆಸೆ, ತಿಳಿಯದಿರುವ ಆಸೆ, ಎರಡನ್ನೂ ಇಟ್ಟುಕೊಂಡು ಕೂತಿದ್ದರು. ಬಿಸ್ಕತ್ತು ತಿನ್ನುತ್ತಾ ನಾನು...

“ಮೊದ್ಲೇ ಹೇಳ್ಬಾರ್ದಿತ್ತಾ ನೀನು!” ಎಂದು ಅವನ ಮೇಲೆ ಕೂಗಿದೆ.

“ನೀನು ಬಂದ್ಮೇಲೇ ಅಪ್ಪ ಆ ಹಲಗೆ ಇಳಿಸಿದ್ದು. ಮನೇಲಿ ಮತ್ತೆ ಮೂರು ಜನ ಆದ್ರು ಅಂತ. ಅದಕ್ಕೆ ಹೇಳ್ಲಿಲ್ಲ.”

ಬೈದಿದ್ದರೆ ಚೆನ್ನಾಗಿತ್ತು.


ಜುಲೈ 13, ಭಾನುವಾರ

ಮಾವ ನಿನ್ನೆಯೂ ಬರಲಿಲ್ಲ, ಇವತ್ತೂ ಇಲ್ಲ. ಭಾನುವಾರ ಸಂಜೆ ಯಾರು ಬೀಗ ರಿಪೇರಿಗೆ ತರುತ್ತಾರೆ? ಶಟರ್ ಅರ್ಧ ಎಳೆದು ಒಳಗೆ ಕೂತಿದ್ದಾರೆ. ಮಿಷನ್ ಸದ್ದು ಮಾತ್ರ.

ನನ್ನ ಜೊತೆ ಮಾತು ಬಿಟ್ಟಿಲ್ಲ. “ಊಟ ಆಯ್ತೇನಮ್ಮ?” ಎಂದು ಕೇಳುತ್ತಾರೆ. ಅದೇ ಕಷ್ಟ.

ನಾನೂ ಇವನೂ ಎರಡು ಎಪಿಸೋಡನ್ನೂ ನೋಡಿದೆವು. ಆ್ಯಡ್ ಬಂದಾಗಲೂ ಮಾತಿಲ್ಲ.


ಜುಲೈ 14, ಸೋಮವಾರ. ಮಧ್ಯಾಹ್ನ

ಅಪ್ಪನಿಗೆ ಫೋನ್ ಮಾಡಿ ಅತ್ತುಬಿಟ್ಟೆ. ಎಲ್ಲ ಹೇಳಿದೆ.

“ಗಿಲಕಿ...” (ನನ್ನನ್ನು ಇನ್ನೂ ಹಾಗೇ ಕರೆಯುವುದು) “ಅವನಲ್ಲ ಕಣೇ.”

“ಯಾರಲ್ಲ?”

“ವಾಚ್ ರಿಪೇರಿಯವನು. ಅವನು ಏನೂ ಮಾಡಿಲ್ಲ ಪಾಪ. ಕೊನೇ ದಿನ ಅರ್ಧದಲ್ಲಿ ಕರೆಂಟ್ ಹೋಯ್ತು ನೆನಪಿದ್ಯಾ? ಮಾರನೇ ದಿನ ಲ್ಯಾಬಲ್ಲಿ ಎಲ್ಲರ ಬಾಯಲ್ಲೂ ಅದೇ. ಕೇಳ್ಕೊಂಡೆ. ನಿನಗೆ ಹೇಳೋಕೆ ಮನಸ್ಸು ಬರ್ಲಿಲ್ಲ. ಬಸ್ಸಲ್ಲಿ ಬರ್ತಾ ಬೇರೆ ಕಥೆ ಕಟ್ಟಿದೆ.”

“ಗಡಿಯಾರದೊಳಗೆ ಸಿಕ್ಕ ಕೀ?”

“ನಂದೇ. ಚೆನ್ನಾಗಿತ್ತಲ್ವಾ?”

“ಅಪ್ಪಾ!!”

ಹಿಂದಿನಿಂದ ಅಮ್ಮ: “ಹದಿನೈದು ವರ್ಷ ನನಗೂ ಅದನ್ನೇ ಹೇಳ್ಕೊಂಡು ಬಂದಿದ್ದಾರೆ ನೋಡು ಈ ಮಹಾನುಭಾವರು! ನಾನು ಎಷ್ಟು ಜನರ ಹತ್ರ ಹೇಳಿಲ್ಲ!”

ಯಾಕೆ ಸುಳ್ಳು ಹೇಳಿದಿರಿ, ನಿಜವಾದ ಕೊಲೆಗಾರ ಯಾರು ಎಂದು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. “ನೀನೇ ನೋಡು. ಆಮೇಲೆ ಫೋನ್ ಮಾಡು” ಎಂದರು. ಫೋನಿನಲ್ಲಿ ಸೀರಿಯಲ್ ಹೆಸರು ಟೈಪ್ ಮಾಡಿ, ಹುಡುಕುವ ಮೊದಲೇ ಅಳಿಸಿದೆ. ಮಾವ ಹದಿನೈದು ವರ್ಷ ಕಾದಿದ್ದಾರೆ. ನನಗೆ ಆರು ದಿನ ಆಗುವುದಿಲ್ಲವೇ?

ಅಂದರೆ ನಾನು ಏನನ್ನೂ ಹಾಳು ಮಾಡಿಲ್ಲ! ಕೆಳಗೆ ಓಡುತ್ತೇನೆ.


ಜುಲೈ 15

ನಂಬಲಿಲ್ಲ.

“ನನ್ನ ಸಮಾಧಾನಕ್ಕೆ ಹೇಳ್ತಿದ್ದೀಯ. ಒಳ್ಳೆ ಹುಡುಗಿ ನೀನು. ಬಿಡಮ್ಮ, ಒಂದು ಸೀರಿಯಲ್ ತಾನೇ” ಎಂದು ಬೀಗಕ್ಕೆ ಎಣ್ಣೆ ಬಿಟ್ಟರು. ದೇವರೇ! ನಿಜ ಹೇಳಿದರೆ ನಂಬುವುದಿಲ್ಲ, ಅಪ್ಪನ ಸುಳ್ಳನ್ನು ಹೇಳಿದಾಗ ತಕ್ಷಣ ನಂಬಿದರಲ್ಲ.


ಜುಲೈ 16, ಬುಧವಾರ

ಅಪ್ಪನೇ ಮಾವನಿಗೆ ಫೋನ್ ಮಾಡಿದರು. ಬೆಳಗ್ಗೆ, ಅಂಗಡಿ ತೆಗೆಯುವ ಹೊತ್ತಿಗೆ. ಸ್ಪೀಕರ್ ಆನ್ ಮಾಡಿಕೊಟ್ಟು ಪಕ್ಕದಲ್ಲೇ ನಿಂತೆ. ಮದುವೆಯ ದಿನ, “ನಮ್ಮ ಬೀಗರು ಬೀಗದ ಅಂಗಡಿಯವರು” ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿ ನಗುತ್ತಿದ್ದವರು ಇವತ್ತು ಹೆಡ್‌ಮಾಸ್ಟರ್ ಮುಂದೆ ನಿಂತವರ ಹಾಗೆ.

“ಬೀಗರೇ, ಮಗಳಿಗೆ ಸುಳ್ಳು ಹೇಳಿದ್ದು ನಾನು. ಶಿಕ್ಷೆ ನಿಮಗಾಯ್ತು. ಕ್ಷಮಿಸ್ಬೇಕು.”

“ಅಂದ್ರೆ... ವಾಚ್ ರಿಪೇರಿಯವನು ಅಲ್ವೇ ಅಲ್ವಾ?”

“ನನ್ನ ಹೆಂಡತಿ ಮೇಲಾಣೆ.”

“ಯಾಕ್ರೀ ನನ್ನ ಮೇಲೆ?” ಹಿಂದಿನಿಂದ ಅಮ್ಮ.

ಮಾವ ಸ್ಟೂಲಿನ ಮೇಲೆ ಕೂತರು. “ಹಾಗಾದ್ರೆ ಕೊಲೆ ಮಾಡಿದ್ದು ಯಾ... ಬೇಡ ಬೇಡ! ಹೇಳ್ಬೇಡಿ! ಇಡ್ತೀನಿ!” ಫೋನನ್ನು ಬೆಂಕಿ ಮುಟ್ಟಿದವರ ಹಾಗೆ ನನ್ನ ಕೈಗೆ ತುರುಕಿದರು. ಆಮೇಲೆ ನಗತೊಡಗಿದರು. ನಗುತ್ತಲೇ ಕನ್ನಡಕ ತೆಗೆದು ಒರೆಸಿದರು. ಬಹಳ ಹೊತ್ತು ಒರೆಸಿದರು.


ಜುಲೈ 18, ಶುಕ್ರವಾರ

ಇವತ್ತು ಅಂಗಡಿಯಲ್ಲಿ ನನ್ನ ಶೋ! ಹದಿಮೂರು, ಹದಿನಾಲ್ಕನ್ನು ಮಾವ ತಪ್ಪಿಸಿಕೊಂಡರಲ್ಲ. ಹಳೆಯದು ನೆನಪಿಲ್ಲವಂತೆ, ವಾರ್ಡಿನಲ್ಲಿ ಅವರು ಟಿವಿ ನೋಡಲೇ ಇಲ್ಲವಂತೆ. “ಅವಳನ್ನ ನೋಡ್ತಿದ್ದೆ” ಎಂದರು, ಅರದ ಕಡೆಗೇ ಕಣ್ಣಿಟ್ಟು.

ಮಾವ ಕೀ ಉಜ್ಜುತ್ತಾ ಕೂತರು, ನಾನು ಎರಡೂ ಎಪಿಸೋಡನ್ನು ಆ್ಯಕ್ಟ್ ಮಾಡಿದೆ. ಇನ್ಸ್‌ಪೆಕ್ಟರ್ ನಾನೇ, ಡಾಕ್ಟರ್ ನಾನೇ, ಮೆಟ್ಟಿಲಿನಿಂದ ಉರುಳುವ ಸಹಾಯಕಿಯೂ ನಾನೇ. ಕಂಡೀಷನ್: ನನ್ನ ಊಹೆ ಸೇರಿಸಬಾರದು, ಕಣ್ಣು ದೊಡ್ಡದು ಮಾಡಬಾರದು.

ಡೂಪ್ಲಿಕೇಟ್ ಕೀಗೆ ಬಂದಿದ್ದ ಒಬ್ಬ ಟೀಚರಮ್ಮ ಕೀ ಕೈಗೆ ಬಂದ ಮೇಲೂ ಅಲ್ಲಾಡಲಿಲ್ಲ.

“ನಿಮ್ಮ ಕೆಲಸ ಆಯ್ತಲ್ಲಮ್ಮ” ಎಂದರು ಮಾವ.

“ಇರ್ರೀ! ಆ ಸಹಾಯಕಿ ಬದುಕಿದ್ದಾಳಾ ಇಲ್ವಾ?”

“ನೀವು ಆವಾಗ ಈ ಸೀರಿಯಲ್ ನೋಡಿದ್ರಾ?” ಮಾವನ ಕೈ ಆಗಲೇ ಮಿಷನ್ ಸ್ವಿಚ್ಚಿನ ಮೇಲೆ.

“ಇಲ್ಲಪ್ಪ. ನಮ್ಮನೇಲಿ ಆಗ ಟಿವಿ ಇರ್ಲಿಲ್ಲ.”

ಕೈ ಸ್ವಿಚ್ಚಿನಿಂದ ಕೆಳಗಿಳಿಯಿತು. ಟೀಚರಮ್ಮನಿಗೆ ಸ್ಟೂಲ್ ಕೊಟ್ಟರು.


ಜುಲೈ 19, ಶನಿವಾರ

ಮೂವರೂ ಮತ್ತೆ ಟಿವಿ ಮುಂದೆ. ಅತ್ತೆಯ ಕೀ ಮತ್ತೆ ಹುಡುಗಿಯ ಅಪ್ಪನ ಕೊಕ್ಕೆಯಲ್ಲಿ. ಮಾವ ಅದನ್ನು ಹಾಕುವಾಗ, “ನಿನ್ನನ್ನ ಆಟದಿಂದ ತೆಗೆದುಬಿಟ್ಟಿದ್ದೆ ಕಣೇ” ಎಂದು ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು. ಕೇಳಿಸದ ಹಾಗೆ ಇದ್ದೆ.

ನಾನು ನನ್ನ ಕೀ ಎಲ್ಲಿಗೆ ಹಾಕಲಿ? ಹದಿನೈದು ವರ್ಷದಿಂದ ಗೊತ್ತಿದ್ದದ್ದು ಈಗ ಗೊತ್ತಿಲ್ಲ. ಮೊದಲ ಸಲ ನೋಡುವವಳ ಹಾಗೆ ಎದೆ ಹೊಡೆದುಕೊಳ್ಳುತ್ತಿದೆ. ವಾಚ್ ರಿಪೇರಿಯವನು ತೆರೆಗೆ ಬಂದಾಗಲೆಲ್ಲ ಕ್ಷಮೆ ಕೇಳಬೇಕೆನಿಸಿತು. ಪಾಪ. ಅವನ ಮೇಲಿಂದ ಕೀ ತೆಗೆದು ಕೈಯಲ್ಲೇ ಇಟ್ಟುಕೊಂಡೆ.

ನಾಳೆ ಕೊನೆ. ಕರೆಂಟ್ ಒಂದು ಹೋಗದಿರಲಿ.


ಜುಲೈ 20, ಭಾನುವಾರ. 7.12

ಅಡುಗೆಮನೆಯಲ್ಲಿ ನಿಂತು ಬರೆಯುತ್ತಿದ್ದೇನೆ. ಕೊನೆಯ ಆ್ಯಡ್. ಐದು ನಿಮಿಷ ಇರಬಹುದು. ಬರೆಯದಿದ್ದರೆ ಬಾಯಿಬಿಟ್ಟುಬಿಡುತ್ತೇನೆ.

ಗೊತ್ತಾಯಿತು.

ಇನ್ಸ್‌ಪೆಕ್ಟರ್ ಎಲ್ಲರನ್ನೂ ಲೈಬ್ರರಿಯಲ್ಲಿ ಕೂರಿಸಿದ. ಹುಡುಗಿಯನ್ನು ಕೇಳಿದ, “ಬಾಗಿಲು ಒಳಗಿನಿಂದ ಹಾಕಿತ್ತು ಅಂತ ನಿನಗೆ ಹೇಗೆ ಗೊತ್ತು?” ಅವಳು ಒಬ್ಬೊಬ್ಬರ ಮುಖವನ್ನೇ ನೋಡತೊಡಗಿದಳು. ಡಾಕ್ಟರನ್ನು ನೋಡಿದಳು. ಮಾಲೀಕನನ್ನು, ಸಹಾಯಕಿಯನ್ನು, ವಾಚ್ ರಿಪೇರಿಯವನನ್ನು. ಅಪ್ಪನನ್ನು ಮಾತ್ರ ನೋಡಲಿಲ್ಲ. ಬಾಗಿಲು ಹಾಕಿತ್ತು ಎಂದು ಅವಳಿಗೆ ಹೇಳಿದ್ದೇ ಅಪ್ಪ. ಆ ದಿನ ಬಾಗಿಲು ಹಾಕಿರಲೇ ಇಲ್ಲ, ಹಾಕಿತ್ತು ಎಂದು ನಂಬಿಸಲು ಅವನೇ ಬೀಗ ಒಡೆದದ್ದು. ಅಷ್ಟರಲ್ಲಿ ಆ್ಯಡ್.

ಹುಡುಗಿಯ ಅಪ್ಪ. ಅವನೇ.

ಈಗ ನೆನಪಾಗುತ್ತಿದೆ, ಆ ಸೋಮವಾರ ಸಂಜೆ. ಅಪ್ಪ ಕೆಲಸದಿಂದ ಬಂದು ಬ್ಯಾಗ್ ಕೂಡ ಇಳಿಸದೆ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತರು. ಎರಡು ಜಡೆ, ನೋಟ್‌ಬುಕ್, ನಾನು. “ಯಾರಪ್ಪಾ? ಯಾರು?” ಅಪ್ಪ ಎದುರಿನ ಗೋಡೆ ನೋಡುತ್ತಾ ಗಡಿಯಾರದ ಕಥೆ ಹೇಳಿದರು. ಎಷ್ಟು ಚೆನ್ನಾಗಿ ಹೇಳಿದರು! ನಾನು ಚಪ್ಪಾಳೆ ತಟ್ಟಿ, “ನನಗೆ ಗೊತ್ತಿತ್ತು, ಅವಳಪ್ಪ ಒಳ್ಳೆಯವರು” ಎಂದು ಅವರ ಕುತ್ತಿಗೆಗೆ ಜೋತುಬಿದ್ದೆ. ನನಗೆ ಒಂಬತ್ತು. ಬೇರೆ ಏನು ಹೇಳುತ್ತಿದ್ದರು ಅವರು?

ಹಾಗಾದರೆ ಅತ್ತೆ... ಅತ್ತೆ ಹೇಳಿದ್ದೇ ಸರಿ. ಒಂದೇ ಒಂದು ಸೈನ್ ನೋಡಿ ಕಂಡುಹಿಡಿದರು! ಮಾವನಿಗೆ ಇನ್ನೂ ಹೊಳೆದಿಲ್ಲ. ಸಹಾಯಕಿ, ಸಹಾಯಕಿ ಎಂದು ಹಾಲ್‌ನಲ್ಲಿ ಮಗನ ಹತ್ತಿರ ವಾದ ಮಾಡುತ್ತಿದ್ದಾರೆ. ಆ ಬಾಗಿಲಿನ ಬೀಗ ಒಡೆದ ರೀತಿ ಸರಿಯಿಲ್ಲ ಎಂದೂ ಹೇಳುತ್ತಿದ್ದಾರೆ, ಅಷ್ಟು ಹತ್ತಿರ ಬಂದೂ...

ಅವರೇ ಬಂದರು. ಬಾಗಿಲಲ್ಲಿ ನಿಂತಿದ್ದಾರೆ.

“ಏನಮ್ಮ, ಅಳ್ತಿದ್ದೀಯಾ? ಗೊತ್ತಾಯ್ತಾ ನಿನಗೆ?”

ತಲೆಯಾಡಿಸಿದೆ. ನನ್ನ ಮುಖವನ್ನು ಒಂದು ಕ್ಷಣ ನೋಡಿ, ತಟಕ್ಕನೆ ಗೋಡೆ ಕಡೆ ತಿರುಗಿದರು.

“ಹೇಳ್ಬೇಡ. ನನಗಿನ್ನೂ ಗೊತ್ತಾಗಿಲ್ಲ.”

“ಇಲ್ಲ ಮಾವ.”

“ಮುಖ ತೊಳ್ಕೊಂಡು ಬಾ. ಮುಖದಲ್ಲೇ ಎಲ್ಲ ಕಾಣಿಸ್ತಿದೆ, ಹಾಳಾದ್ದು.”

ಇವನು ಕೂಗುತ್ತಿದ್ದಾನೆ, ಶುರುವಾಯ್ತು ಶುರುವಾಯ್ತು ಎಂದು. ಇನ್ನು ಹತ್ತು ನಿಮಿಷ. ಅತ್ತೆ ಗೆಲ್ಲುವುದನ್ನು ಮಾವ ನೋಡಲಿ. ನಾನು ಟಿವಿ ನೋಡುವುದಿಲ್ಲ, ಮಾವನ ಮುಖ ನೋಡುತ್ತೇನೆ.